ಪಾಳಿ ಕೇಳುವ ಕಪ್

ಆ ಲಾಂಡ್ರಿಗೆ ಹೊಸಬರು ಯಾರೇ ಬರಲಿ, ಅವರಿಗೆ ಮೊದಲು ಹೇಳಿಕೊಡುತ್ತಿದ್ದದ್ದು ಯಂತ್ರದ ಗುಂಡಿ ಒತ್ತುವುದನ್ನಲ್ಲ, ಕಪ್ ನೇತುಹಾಕುವುದನ್ನು. ಚಹಾ ಕೋಣೆಯ ಗೋಡೆಗೆ ಉದ್ದಕ್ಕೂ ಒಂದು ಮರದ ಪಟ್ಟಿ, ಅದರಲ್ಲಿ ಸಾಲಾಗಿ ಮೊಳೆಗಳು. ಒಬ್ಬೊಬ್ಬರಿಗೆ ಒಂದು ಮೊಳೆ, ಒಂದು ಕಪ್. ಯಾರಿಗಾದರೂ ಒಂದು ದಿನ ಬಿಡುವು ಬೇಕಾಗಿ, ತಮ್ಮ ಪಾಳಿಯನ್ನು ಇನ್ನೊಬ್ಬರು ನಿಭಾಯಿಸಿಕೊಡಬೇಕಾದರೆ ಬಾಯಿಬಿಟ್ಟು ಕೇಳುವಂತಿಲ್ಲ. ಚಹಾ ಕುಡಿದ ಕಪ್ಪನ್ನು ತೊಳೆಯದೆ ಹಾಗೇ ಅವರ ಮೊಳೆಗೆ ಸಿಕ್ಕಿಸಬೇಕು, ಕೆಳಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಯಾವ ದಿನ ಎಂದು ಬರೆಯಬೇಕು. ಒಪ್ಪಿಗೆಯಿದ್ದರೆ ಅವರು ಆ ಕಪ್ ತೊಳೆದು ಅದರದೇ ಮೊಳೆಗೆ ಮರಳಿಸುತ್ತಾರೆ. ಇಲ್ಲದಿದ್ದರೆ ಅದು ಅಲ್ಲೇ ತೂಗುತ್ತಿರುತ್ತದೆ, ಸಂಜೆಗೆ ಕೇಳಿದವರೇ ತೆಗೆದು ತೊಳೆದುಕೊಳ್ಳಬೇಕು. ಯಾಕೆ ಆಗಲಿಲ್ಲ ಎಂದು ಇವರು ಕೇಳುವುದಿಲ್ಲ, ಹೀಗೀಗೆ ಎಂದು ಅವರು ಹೇಳುವುದಿಲ್ಲ. ಮುಖ ನೋಡಿಕೊಂಡು ಇಲ್ಲ ಎನ್ನುವ ಸಂಕಟ ಯಾರಿಗೂ ಬೇಡವೆಂದು ಹಿಂದೆ ಯಾರೋ ಪುಣ್ಯಾತ್ಮರು ಮಾಡಿದ ಏರ್ಪಾಡು. ಊರಿನ ಆಸ್ಪತ್ರೆಗಳ ಬೆಡ್‌ಶೀಟುಗಳನ್ನೆಲ್ಲ ಒಗೆದು ಕಳಿಸುವ ಜಾಗ ಅದು. ಹಬೆಯ ಸದ್ದಿನಲ್ಲಿ ಕೂಗಾಡಿ ಗಂಟಲು ಕಟ್ಟಿಸಿಕೊಂಡವರಿಗೆ, ಮಾತಿಲ್ಲದೆ ನಡೆಯುವ ವ್ಯವಹಾರ ಒಂದಾದರೂ ಇರಲಿ ಅನ್ನಿಸಿರಬೇಕು.

ಈ ಸಾಲಿನಲ್ಲಿ ಅತಿ ಹೆಚ್ಚು ಅಲೆದಾಡಿದ ಕಪ್ ನೀಲಿ ಬಣ್ಣದ್ದು, ಅಂಚಿನಲ್ಲಿ ಚೂರು ಒಡೆದದ್ದು, ಪ್ರೊಫೆಸರಮ್ಮನದು. ಪ್ರೊಫೆಸರಮ್ಮ ಎಂದರೆ ಪಾಠ ಹೇಳುವವಳೇನೂ ಅಲ್ಲ. ಅವಳು ಒಣ ಭಾಗದ ಸೂಪರ್‌ವೈಸರ್. ಒಗೆದ ಬೆಡ್‌ಶೀಟುಗಳು ಬಿಸಿ ಉರುಳೆಗಳ ನಡುವೆ ಹಾದು ಗರಿಗರಿಯಾಗಿ ಹೊರಬರುವ ಕಡೆ ನಿಂತು, ಮಡಿಸುವವರಿಂದ ಹಿಡಿದು ಗಂಟು ಕಟ್ಟುವವರವರೆಗೆ ಎಲ್ಲರನ್ನೂ ಸಂಭಾಳಿಸುವುದು ಅವಳ ಕೆಲಸ. ಕೆಲಸ ಬಿಡದೆ ಮನೆಯಿಂದಲೇ ಓದಬಹುದಾದ ಎಂಬಿಎಗೆ ಸೇರಿದ್ದೇನೆ ಎಂದು ಅವಳು ಬಾಯಿಬಿಟ್ಟ ಮರುದಿನವೇ ಮಡಿಸುವ ಮೇಜಿನ ಹೆಂಗಸರು ಆ ಹೆಸರಿಟ್ಟರು. ಇಟ್ಟದ್ದು ಚೇಷ್ಟೆಗೆ. ಆದರೆ ಅದರಲ್ಲಿ ಚಿಟಿಕೆಯಷ್ಟು ಹೆಮ್ಮೆಯೂ ಬೆರೆತಿದೆಯೆಂದು ಇಟ್ಟವರಿಗೂ ಗೊತ್ತಿತ್ತು, ಇಡಿಸಿಕೊಂಡವಳಿಗೂ ಗೊತ್ತಿತ್ತು.

ನಿಮ್ಮ ಬಿಡುವು ನೋಡಿಕೊಂಡು, ನಿಮಗೆ ಬೇಕಾದ ಹಾಗೆ ಓದಿ ಎಂದು ಆ ವಿಶ್ವವಿದ್ಯಾಲಯದವರು ಜಾಹೀರಾತಿನಲ್ಲಿ ಹೇಳಿದ್ದರು. ಹೇಳುವವರಿಗೇನು, ಹೇಳಿ ಕೈತೊಳೆದುಕೊಳ್ಳುತ್ತಾರೆ. ಅವಳಿಗೆ ಬಿಡುವು ಸಿಗುತ್ತಿದ್ದದ್ದು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಒಲೆಯ ಮೇಲೆ ಅನ್ನ ಕುದಿಯುವಾಗ, ಮನೆಮಂದಿ ಟಿವಿ ಮುಂದೆ ಕೂತಾಗ. ಅಡುಗೆಮನೆಯ ಕಟ್ಟೆಯ ಮೇಲೆ ಫೋನ್ ಒರಗಿಸಿಟ್ಟು ಪಾಠದ ವಿಡಿಯೋ ಹಾಕಿದರೆ, ಎದುರಿಗೆ ಅತ್ತೆ ಬೆಳ್ಳುಳ್ಳಿ ಬಿಡಿಸುತ್ತ ಕೂತು ಒಂದನ್ನೂ ಬಿಡದೆ ಕೇಳುತ್ತಿದ್ದರು. "ಇವತ್ತು ನಿಮ್ಮ ಮೇಷ್ಟ್ರಿಗೆ ನೆಗಡಿ ಕಣೇ" ಎನ್ನುವರು. "ಈ ಅಂಗಿ ಹೋದ ವಾರವೂ ಹಾಕಿದ್ರು" ಎನ್ನುವರು. ಒಂದು ದಿನ ತರಕಾರಿ ಅಂಗಡಿಯವನಿಗೆ "ನಿನ್ನ ಗಿರಾಕಿ ಯಾರು ಅಂತ ಮೊದಲು ತಿಳ್ಕೋಪ್ಪ, ಆಮೇಲೆ ಬದನೆಕಾಯಿ ತರ್ಸು" ಎಂದು ಬುದ್ಧಿ ಹೇಳಿ ಬಂದಿದ್ದರು. ಗಂಡ ಲಿಫ್ಟ್ ರಿಪೇರಿ ಕೆಲಸದವನು, ಹೆಚ್ಚು ಮಾತಿನವನಲ್ಲ. ಅವಳು ಓದಲು ಕೂತಾಗ ಪಾತ್ರೆಗಳನ್ನು ಸದ್ದಾಗದಂತೆ ತೊಳೆಯಲು ಹೋಗಿ ಒಂದಾದರೂ ಬೀಳಿಸುತ್ತಿದ್ದ.

ಓದು ಹೇಗೆ ಬೇಕಾದರೂ ಹೊಂದಿಕೊಳ್ಳುತ್ತಿತ್ತು, ಪರೀಕ್ಷೆ ಮಾತ್ರ ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. ಅವರು ಹೇಳಿದ ಭಾನುವಾರವೇ, ಕ್ಯಾಮೆರಾ ಮುಂದೆ ಕೂತು ಬರೆಯಬೇಕು. ಭಾನುವಾರವೆಂದು ರೋಗಿಗಳು ಹಾಸಿಗೆ ಬಿಟ್ಟು ಏಳುತ್ತಾರೆಯೇ? ಲಾಂಡ್ರಿಗೆ ರಜೆಯಿಲ್ಲ. ಹಾಗಾಗಿ ನೀಲಿ ಕಪ್ ಮೊಳೆಯಿಂದ ಮೊಳೆಗೆ ತಿರುಗಿತು. ಮೊದಮೊದಲು ಎಲ್ಲರೂ ನಗುನಗುತ್ತ ತೊಳೆದುಕೊಟ್ಟರು. ಆಮೇಲಾಮೇಲೆ ಅದನ್ನು ಕಂಡರೆ ಕಣ್ಣು ತಪ್ಪಿಸತೊಡಗಿದರು. ಅವರನ್ನು ಅನ್ನುವ ಹಾಗಿಲ್ಲ, ಅವರಿಗೂ ಮನೆಯಿದೆ, ಮಕ್ಕಳಿದ್ದಾರೆ, ಇರುವುದೊಂದು ಭಾನುವಾರ. ಒಮ್ಮೆ ಮಡಿಸುವ ಮೇಜಿನ ಹಿರಿಯಕ್ಕನ ಮೊಳೆಯಲ್ಲಿ ಕಪ್ ಸಂಜೆಯವರೆಗೂ ತೂಗಿತು. ತಳದಲ್ಲಿ ಚಹಾ ಒಣಗಿ ಹಿಡಿದುಕೊಂಡಿತ್ತು. ಅಷ್ಟು ಆಪ್ತಳಾದ ಹಿರಿಯಕ್ಕನಿಂದಲೇ ಆಗದ ಮೇಲೆ ಇನ್ನಾರು? ಮರುದಿನ ಬೇರೆ ದಾರಿ ಕಾಣದೆ, ಯಾರೂ ಎಂದೂ ಮಾಡದ ಕೆಲಸವೊಂದನ್ನು ಅವಳು ಮಾಡಿಬಿಟ್ಟಳು. ಸಾಲಿನ ಕೊನೆಯ ಮೊಳೆಗೆ, ಇಸ್ತ್ರಿ ಅಣ್ಣನ ಮೊಳೆಗೆ ಕಪ್ ಸಿಕ್ಕಿಸಿದಳು.

ಇಸ್ತ್ರಿ ಅಣ್ಣ ಆ ಲಾಂಡ್ರಿಯ ಇನ್‌ಚಾರ್ಜ್ ಮ್ಯಾನೇಜರ್. ರಾಶಿ ರಾಶಿ ಬಟ್ಟೆಗೆ ಇಸ್ತ್ರಿ ಹಾಕಿಸುವ ಆತನ ಮೈಮೇಲಿನ ಅಂಗಿ ಮಾತ್ರ ಯಾವಾಗಲೂ ಆಗತಾನೇ ಹಿಂಡಿ ತೆಗೆದಂತೆ ಮುದುಡಿರುತ್ತಿತ್ತು, ಅದಕ್ಕೇ ಆ ಹೆಸರು. ಒಗೆಯುವ ಭಾಗದ ಸೂಪರ್‌ವೈಸರ್ ಆಗಿದ್ದವನಿಗೆ, ಹಿಂದಿನ ಮ್ಯಾನೇಜರ್ ಬಿಟ್ಟುಹೋದಾಗ, ಇನ್ನೊಬ್ಬರು ಬರುವತನಕ ನೋಡಿಕೋ ಎಂದಿದ್ದರು. ಇನ್ನೊಬ್ಬರು ಬರಲೇ ಇಲ್ಲ. ನೋಡಿಕೊಳ್ಳುತ್ತ ನೋಡಿಕೊಳ್ಳುತ್ತ ಆತನ ತಲೆ ನೆರೆಯಿತು. ಮಾತು ಒರಟು, ಮನಸ್ಸು ಮೆದು. ಆತನದು ಸ್ಟೀಲಿನ ಕಪ್, ಪಕ್ಕದಲ್ಲಿ ತಗ್ಗಾದದ್ದು. ಅದು ತನ್ನ ಮೊಳೆ ಬಿಟ್ಟು ಇನ್ನೊಬ್ಬರ ಮೊಳೆಗೆ ಹೋದದ್ದನ್ನು ಕಂಡವರಿಲ್ಲ. ಜ್ವರ ಬಂದರೆ ಮಫ್ಲರ್ ಸುತ್ತಿಕೊಂಡು ಬರುತ್ತಿದ್ದನೇ ಹೊರತು ಯಾರನ್ನೂ ಏನನ್ನೂ ಕೇಳಿದವನಲ್ಲ. ಎಂಬಿಎಗೆ ಸೇರು ಎಂದು ಅವಳ ತಲೆಗೆ ಹುಳ ಬಿಟ್ಟವನೂ ಆತನೇ. "ನಿಂಗೆ ತಲೆ ಇದೆ, ಬರೀ ಬೆಡ್‌ಶೀಟ್ ಎಣಿಸ್ಕೊಂಡು ಇರ್ಬೇಡ" ಎಂದಿದ್ದ.

ಅವತ್ತು ತನ್ನ ಮೊಳೆಯಲ್ಲಿ ನೀಲಿ ಕಪ್ ಕಂಡು ಆತ ಕುತ್ತಿಗೆ ಕೆರೆದುಕೊಂಡ. ಚಹಾ ಕೋಣೆಯಲ್ಲಿದ್ದವರೆಲ್ಲ ಆತನ ಕೈಯನ್ನೇ ನೋಡುತ್ತಿದ್ದರು. ಆತ ಅದನ್ನು ತೆಗೆದುಕೊಂಡು ಹೋಗಿ ನಲ್ಲಿ ಕೆಳಗೆ ಹಿಡಿದು, ಏನೋ ಗುನುಗುತ್ತ ತೊಳೆದು, ಅದರ ಮೊಳೆಗೆ ಸಿಕ್ಕಿಸಿ ಹೊರಟುಹೋದ. ಆ ಭಾನುವಾರ ತೋಳು ಮಡಚಿಕೊಂಡು ತಾನೇ ಒಣ ಭಾಗದಲ್ಲಿ ನಿಂತ. ಆತ ಮಡಿಸಿದ ಬೆಡ್‌ಶೀಟುಗಳ ಮೂಲೆ ಒಂದಕ್ಕೊಂದು ಸೇರಿರಲಿಲ್ಲವೆಂದು ಹಿರಿಯಕ್ಕ ವಾರವಿಡೀ ಆಡಿಕೊಂಡಳು. ಅಲ್ಲಿಂದಾಚೆ ಪರೀಕ್ಷೆ ಬಂದಾಗಲೆಲ್ಲ ನೀಲಿ ಕಪ್ ಕೊನೆಯ ಮೊಳೆಗೇ ಹೋಯಿತು, ಪ್ರತಿ ಸಲವೂ ತೊಳೆದು ಬಂತು. ಹೀಗೆ ದಾಟುತ್ತ ದಾಟುತ್ತ ಕೊನೆಯದೊಂದು ಪರೀಕ್ಷೆ ಮಾತ್ರ ಉಳಿಯಿತು.

ಆಗ ಹೆಡ್ ಆಫೀಸಿನಿಂದ ಅಧಿಕಾರಿಯೊಬ್ಬರು ಬಂದರು. ಒಳ್ಳೆಯ ಸುದ್ದಿ ತಂದವರಂತೆ ಎಲ್ಲರನ್ನೂ ಚಹಾ ಕೋಣೆಯಲ್ಲಿ ಸೇರಿಸಿದರು.

"ಇನ್ನು ಮೇಲೆ ಈ ಇನ್‌ಚಾರ್ಜ್ ಅನ್ನೋ ಪದ್ಧತಿ ಇರಲ್ಲ. ಪ್ರತಿ ಲಾಂಡ್ರಿಗೂ ಒಬ್ಬ ಕಾಯಂ ಮ್ಯಾನೇಜರ್. ಎಂಬಿಎ ಆಗಿರ್ಲೇಬೇಕು. ಈಗ ಇನ್‌ಚಾರ್ಜ್ ಇರೋರು ಮತ್ತೆ ಸೂಪರ್‌ವೈಸರ್ ಆಗ್ತಾರೆ" ಎಂದರು. ಆಮೇಲೆ ಅವಳ ಕಡೆ ತಿರುಗಿ ನಕ್ಕರು. "ನಿಮ್ಮದು ಇನ್ನೊಂದೇ ಪರೀಕ್ಷೆ ಬಾಕಿ ಅಲ್ವಾ ಮೇಡಂ? ಮುಗಿಸ್ಕೊಳ್ಳಿ. ಇಲ್ಲಿಯವರೇ ಆದ್ರೆ ನಮಗೂ ಅನುಕೂಲ. ನೀವು ಮೇಲೆ ಹೋದ್ರೆ ನಿಮ್ಮ ಜಾಗಕ್ಕೆ ಇವರು ಬರ್ತಾರೆ, ಎಲ್ಲ ಸರಿಹೋಗುತ್ತೆ. ನೀವು ಮುಗಿಸದೇ ಇದ್ರೆ ಹೊರಗಿಂದ ಯಾರನ್ನಾದ್ರೂ ಕಳಿಸ್ತೀವಿ."

ಇವರು ಎಂದದ್ದು ಇಸ್ತ್ರಿ ಅಣ್ಣನಿಗೆ. ಆತ ಸ್ಟೀಲ್ ಕಪ್ ಹಿಡಿದು ಗೋಡೆಗೆ ಒರಗಿ ನಿಂತಿದ್ದ, ಕಪ್ಪಿನಲ್ಲಿ ಚಹಾ ಕೆನೆಗಟ್ಟಿತ್ತು. "ಆಯ್ತು ಸರ್" ಎಂದ. ಹೋದ ವರ್ಷ ಒಂದು ಪಾಠಕ್ಕಾಗಿ ಪ್ರೊಫೆಸರಮ್ಮ ಈ ಲಾಂಡ್ರಿಯ ಆಡಳಿತದ ನಕ್ಷೆ ಬರೆದಿದ್ದಳು. ಮೇಲೆ ಒಂದು ಚೌಕ, ಅದರಲ್ಲಿ ಇಸ್ತ್ರಿ ಅಣ್ಣ. ಕೆಳಗೆ ಗೆರೆ ಎಳೆದು ಇನ್ನೊಂದು ಚೌಕ, ಅದರಲ್ಲಿ ತಾನು. ಒಳ್ಳೆಯ ಅಂಕ ಬಂದಿತ್ತು. ಓದು ಮುಗಿದರೆ ಇನ್ನೆಲ್ಲೋ, ಇನ್ಯಾವುದೋ ಊರಿನ ಲಾಂಡ್ರಿಯಲ್ಲಿ ತನಗೊಂದು ಚೌಕ ಸಿಗಬಹುದು ಎಂದುಕೊಂಡಿದ್ದಳೇ ಹೊರತು, ಇದೇ ಚೌಕದಿಂದ ಈ ಮನುಷ್ಯನನ್ನು ಎಬ್ಬಿಸಿ ಕೂರಬೇಕಾದೀತು ಎಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಮನೆಗೆ ಬಂದವಳೇ ಪರೀಕ್ಷೆ ಬರೆಯುವುದಿಲ್ಲ ಎಂದುಬಿಟ್ಟಳು.

ಗಂಡ ಎಲ್ಲವನ್ನೂ ಕೇಳಿಸಿಕೊಂಡು, "ನೀನು ಬರೀದೇ ಇದ್ರೆ ಅವರ ಕುರ್ಚಿ ಉಳಿಯುತ್ತಾ? ಹೊರಗಿಂದ ಯಾರೋ ಬಂದು ಕೂತ್ಕೋತಾರೆ, ಅಷ್ಟೇ" ಎಂದ.

"ಅದು ನಂಗೂ ಗೊತ್ತು ರೀ. ಯಾರೋ ಬಂದು ಕೂತ್ರೆ ಅದು ಯಾರೋ ಮಾಡಿದ್ದು. ನಾನು ಕೂತ್ರೆ? ನನ್ನ ಭಾನುವಾರಗಳಿಗೆಲ್ಲ ಅವರು ನಿಂತು ಬೆವರು ಸುರಿಸಿದ್ದಾರೆ. ಅವರ ಹೆಗಲ ಮೇಲೆ ಹತ್ತಿ ಅವರನ್ನೇ ಕೆಳಗೆ ತಳ್ಳಿದ ಹಾಗಾಗಲ್ವಾ?"

ಅತ್ತೆ ಬೆಳ್ಳುಳ್ಳಿಯ ತಟ್ಟೆಯನ್ನು ಠಣ್ ಎಂದು ಕೆಳಗಿಟ್ಟರು. "ಹಾಗಾದ್ರೆ ಆ ಮೇಷ್ಟ್ರ ಕೊರೆತ ನಾನು ಇಷ್ಟು ದಿನ ಕೇಳಿದ್ದು ದಂಡವಾ? ನೀನು ಬರೀದೇ ಇದ್ರೆ ಬಿಡು, ನಾನೇ ಹೋಗಿ ಕ್ಯಾಮೆರಾ ಮುಂದೆ ಕೂತ್ಕೋತೀನಿ."

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಅತ್ತೆ ಬೆಳ್ಳುಳ್ಳಿ ಕೈಯಲ್ಲೇ ಅವಳ ತಲೆ ಸವರಿ, "ಅವರನ್ನ ಒಂದು ಮಾತು ಕೇಳಿದ್ಯೇನೇ?" ಎಂದರು.

"ಏನಂತ ಕೇಳ್ಲಿ ಅತ್ತೆ?"

ಅತ್ತೆ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡು ಬೆಳ್ಳುಳ್ಳಿ ಬಿಡಿಸತೊಡಗಿದರು.

ಪರೀಕ್ಷೆಯ ಭಾನುವಾರ ಹತ್ತಿರ ಬಂತು. ಅವತ್ತು ಅವಳದೇ ಪಾಳಿ. ನೀಲಿ ಕಪ್ ತನ್ನ ಮೊಳೆ ಬಿಟ್ಟು ಕದಲಲಿಲ್ಲ. ಚಹಾ ಕುಡಿದ ತಕ್ಷಣ ತೊಳೆದು ಸಿಕ್ಕಿಸಿಬಿಡುತ್ತಿದ್ದಳು. ಪಾಳಿಗೆ ಬೇರೆ ಜನ ಸಿಗಲಿಲ್ಲವೆಂದಲ್ಲ. ಹಿರಿಯಕ್ಕ ಬಾಯಿಬಿಡಬಾರದೆಂಬ ಪದ್ಧತಿಯನ್ನೇ ಮುರಿದು ಕಿವಿಯಲ್ಲಿ ಪಿಸುಗುಟ್ಟಿದಳು: "ನನ್ನ ಮೊಳೆಗೆ ಹಾಕೇ. ಈ ಸಲ ತೊಳೀತೀನಿ, ನನ್ನಾಣೆ." ಪ್ರೊಫೆಸರಮ್ಮ ತಲೆಯಾಡಿಸಿದಳು. ಹಿರಿಯಕ್ಕ ನಿಂತರೂ ಇನ್ನೊಬ್ಬರು ನಿಂತರೂ, ತಾನು ಬರೆದರೆ ಆಗುವುದು ಒಂದೇ.

ಇಸ್ತ್ರಿ ಅಣ್ಣನೋ ಮುಖ ಗಂಟಿಕ್ಕಿಕೊಂಡು ಓಡಾಡುತ್ತಿದ್ದ. ಅವಳು ಚಹಾ ಕೋಣೆಯಲ್ಲಿದ್ದರೆ ಬಾಗಿಲಿನಿಂದಲೇ ತಿರುಗಿ ಹೋಗುತ್ತಿದ್ದ. ಬಟ್ಟೆಯ ಗಾಡಿ ಅಡ್ಡ ನಿಲ್ಲಿಸಿದ್ದಕ್ಕೆ ಅವಳ ಮೇಲೆ ಎಲ್ಲರೆದುರು ರೇಗಾಡಿದ, ಆ ಗಾಡಿ ನಿಲ್ಲಿಸಿದವಳು ಅವಳಾಗಿರಲೇ ಇಲ್ಲ. ಅವಳು ಗಾಡಿಯನ್ನು ಪಕ್ಕಕ್ಕೆ ತಳ್ಳಿದಳು. ಆತನಿಗೆ ತನ್ನ ಮೇಲೆ ಸಿಟ್ಟಿದೆ, ಇರುವುದು ನ್ಯಾಯವೇ ಎಂದುಕೊಂಡಳು. ನೋವಾಗದೆ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬಾಯ್ಲರ್ ಕೈಕೊಟ್ಟಿತು. ಹಬೆ ಇಳಿಯಿತು, ಉರುಳೆಗಳು ನಿಂತವು, ಇಡೀ ಲಾಂಡ್ರಿ ಗಪ್‌ಚಿಪ್ ಆಯಿತು. ಆ ಮೌನ ಕಿವಿಗೆ ಹೊಸದು. ಉರುಳೆಗಳ ನಡುವೆ ಸಿಕ್ಕಿದ ಬೆಡ್‌ಶೀಟುಗಳನ್ನು ಬೇಗ ಎಳೆದುಕೊಳ್ಳದಿದ್ದರೆ ಕರಕಲಾಗುತ್ತವೆ. ಮಡಿಸುವವರೆಲ್ಲ ಊಟಕ್ಕೆ ಹೋಗಿದ್ದರು. ಅವಳು ಓಡಿಹೋಗಿ ಒಂದು ತುದಿ ಹಿಡಿದು ಎಳೆಯುತ್ತಿದ್ದರೆ, ಇನ್ನೊಂದು ತುದಿಗೆ ಬಂದು ಕೈ ಹಾಕಿದವನು ಇಸ್ತ್ರಿ ಅಣ್ಣ.

ಬೆಡ್‌ಶೀಟ್ ಈಚೆ ಬಂತು. ಇಬ್ಬರು ಎರಡು ತುದಿ ಹಿಡಿದ ಮೇಲೆ ಮಡಿಸದೆ ಬಿಡುವುದುಂಟೇ? ಅದು ಕೈಗೆ ಹತ್ತಿದ ಅಭ್ಯಾಸ. ದೂರ ನಿಂತು ಬಿಗಿಯಾಗಿ ಎಳೆದರು, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಿದರು.

"ಭಾನುವಾರ ಪರೀಕ್ಷೆ ಅಲ್ವಾ?" ಎಂದು ಆತ ಬಟ್ಟೆಯನ್ನೇ ನೋಡುತ್ತ ಕೇಳಿದ.

"ಬರೀತಿಲ್ಲ ಅಣ್ಣ."

"ಯಾಕೆ?"

"ಹೇಗೆ ಬರೀಲಿ ಹೇಳಿ? ನಿಮ್ಮ ಕೈಲಿ ಕಪ್ ತೊಳೆಸಿಕೊಂಡು ನಿಮ್ಮ ಕುರ್ಚಿಗೇ..."

ಆತ ಇನ್ನೊಂದು ಬೆಡ್‌ಶೀಟ್ ಎಳೆದುಕೊಂಡ. ತುದಿಯನ್ನು ಅವಳ ಕಡೆ ಎಸೆಯುವಂತೆ ಕೊಟ್ಟ. "ಕರುಣೆ ತೋರಿಸ್ತಿದ್ದೀಯಾ ನಂಗೆ? ಬೇಡ ತಾಯಿ, ಅದನ್ನ ನೀನೇ ಇಟ್ಕೋ. ನಂಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ. ಆ ಅಧಿಕಾರಿ ಮೇಲೆ ಬಂತು. ನಿನ್ನ ಮೇಲೂ ಬಂತು. ಎಲ್ಲಕ್ಕಿಂತ ಜಾಸ್ತಿ ನನ್ನ ಮೇಲೇ ಬಂತು."

"ನಿಮ್ಮ ಮೇಲೆ ಯಾಕೆ?"

"ನಾನೂ ಇದೇ ಕೋರ್ಸಿಗೆ ಸೇರಿದ್ದೆ. ಯಾರಿಗೂ ಗೊತ್ತಿಲ್ಲ. ನೀನಿನ್ನೂ ಇಲ್ಲಿಗೆ ಬಂದಿರ್ಲಿಲ್ಲ ಆಗ." ಆತ ಹತ್ತಿರ ಬಂದು ಮೂಲೆಗಳನ್ನು ಅವಳ ಕೈಗೆ ಕೊಟ್ಟು ಅಲ್ಲೇ ನಿಂತ. "ಪಾಠ ಎಲ್ಲ ಓದ್ದೆ. ಓದು ತಲೆಗೆ ಹತ್ತಲಿಲ್ಲ ಅಂತಲ್ಲ. ಮೊದಲನೇ ಪರೀಕ್ಷೆ ಭಾನುವಾರ ಬಂತು, ಅವತ್ತಿನ ಡ್ಯೂಟಿ ನಂದು. ಕಪ್ ಹಿಡ್ಕೊಂಡು ಆ ಮೊಳೆಗಳ ಮುಂದೆ ನಿಂತೆ ನೋಡು, ಯಾರದಕ್ಕೆ ಹಾಕ್ಲಿ? ಜೋರು ಮಾಡಿ ಯಾರನ್ನಾದ್ರೂ ನಿಲ್ಲಿಸಬಹುದಿತ್ತು, ಮನಸ್ಸು ಬರ್ಲಿಲ್ಲ. ಕೇಳಬಹುದಿತ್ತು. ಇನ್‌ಚಾರ್ಜ್ ಆದೋನು ಕೇಳಿ, ಅವರು ತೊಳೀದೆ ಬಿಟ್ಟು, ಸಂಜೆ ನಾನೇ ಎಲ್ಲರೆದುರಿಗೆ ಅದನ್ನ ತೆಗೆದು ತೊಳ್ಕೊಳ್ಳೋ ಹಾಗಾದ್ರೆ? ಆ ಮರ್ಯಾದೆಗೆ ಹೆದರಿ ಕಪ್ ತೊಳೆದು ನನ್ನ ಮೊಳೆಗೇ ಹಾಕ್ದೆ. ಮುಂದಿನ ಸಲ ನೋಡೋಣ ಅಂದೆ. ಮುಂದಿನ ಸಲವೂ ಅದೇ. ಆಮೇಲೆ ಬಿಟ್ಟೇಬಿಟ್ಟೆ."

ಅವಳು ಬೆಡ್‌ಶೀಟನ್ನು ಎದೆಗವಚಿಕೊಂಡು ನಿಂತಿದ್ದಳು.

"ನಿನ್ನ ನೀಲಿ ಕಪ್ ನನ್ನ ಮೊಳೆಯಲ್ಲಿ ಕಂಡ ದಿನ," ಎಂದ ಆತ, "ಇವಳು ಗೆದ್ದಳು ಅಂದ್ಕೊಂಡೆ. ಈಗ ನೋಡಿದ್ರೆ ನೀನೂ ನನ್ನ ಹಾಗೇ..."

ಅಷ್ಟರಲ್ಲಿ ಬಾಯ್ಲರ್ ಮತ್ತೆ ಹೊತ್ತಿಕೊಂಡಿತು. ಹಬೆ ಬುಸ್ಸೆಂದಿತು, ಉರುಳೆಗಳು ಸದ್ದು ಮಾಡುತ್ತ ತಿರುಗತೊಡಗಿದವು. ಆತ ಇನ್ನೂ ಏನೋ ಹೇಳಿದ, ಅವಳಿಗೆ ಕೇಳಿಸಲಿಲ್ಲ. ಕೈ ಬೀಸಿ ಹೊರಟುಹೋದ.

ಮನೆಯಲ್ಲಿ ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಅತ್ತೆ ವಿಡಿಯೋ ಹಾಕು ಎಂದರು, ಹಾಕಿದಳು, ಮೇಷ್ಟ್ರು ಏನು ಹೇಳಿದರೆಂದು ಒಂದಕ್ಷರ ತಲೆಗೆ ಹೋಗಲಿಲ್ಲ. ಆತ ಹೇಳಿದ್ದು ಸರಿ ಅನ್ನಿಸುತ್ತಿತ್ತು. ಸರಿ ಅನ್ನಿಸಿದ ಮಾತ್ರಕ್ಕೆ ಕಾಲು ಎದ್ದು ಹೋಗಿ ಆ ಕಪ್ಪನ್ನು ಕೊನೆಯ ಮೊಳೆಗೆ ಸಿಕ್ಕಿಸಿ ಬರುತ್ತದೆಯೇ? ತಾನು ಮಾಡುತ್ತಿರುವುದು ಒಳ್ಳೆಯತನವೋ ಅಥವಾ ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆಯೋ ಎಂದು ತನ್ನನ್ನೇ ಕೇಳಿಕೊಂಡಳು. ಮ್ಯಾನೇಜ್‌ಮೆಂಟಿನ ಅಷ್ಟೊಂದು ಪಾಠಗಳಲ್ಲಿ ಇದೊಂದಕ್ಕೆ ಅಧ್ಯಾಯವಿರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಬಂದಾಗ ಚಹಾ ಕೋಣೆಯ ಬಾಗಿಲಲ್ಲಿ ಜನ ನಿಂತಿದ್ದರು. ಹಿರಿಯಕ್ಕ ಸರಿದು ದಾರಿ ಬಿಟ್ಟಳು. ಪ್ರೊಫೆಸರಮ್ಮನ ಮೊಳೆಯಲ್ಲಿ, ನೀಲಿ ಕಪ್ಪಿನ ಮೇಲೆ, ಸ್ಟೀಲಿನ ಕಪ್ ತೂಗುತ್ತಿತ್ತು. ತಗ್ಗಾದ ಕಪ್. ತೊಳೆದಿರಲಿಲ್ಲ, ತಳದಲ್ಲಿ ಚಹಾದ ಚರಟ ಇನ್ನೂ ಹಸಿಯಾಗಿತ್ತು.

ಅವಳು ಹತ್ತಿರ ಹೋಗಿ ಬಾಗಿದಳು. ಕೆಳಗೆ ಗೋಡೆ ನೋಡಿದಳು. ಸೀಮೆಸುಣ್ಣದ ಗುರುತೇ ಇರಲಿಲ್ಲ. ನೇರ ಆತನ ಕೋಣೆಗೆ ಹೋದಳು.

"ಅಣ್ಣ, ಯಾವ ದಿನ ಅಂತ ಬರೆದಿಲ್ಲ."

ಇಸ್ತ್ರಿ ಅಣ್ಣ ತಲೆಯೆತ್ತಲಿಲ್ಲ. ಮೇಜಿನ ಮೇಲೆ ಏನನ್ನೋ ಹುಡುಕುವವನಂತೆ ಕೈಯಾಡಿಸುತ್ತ, "ಒಂದು ದಿನದ್ದಾಗಿದ್ರೆ ಬರೀತಿದ್ದೆ" ಎಂದ.

ಅವಳು ಚಹಾ ಕೋಣೆಗೆ ಮರಳಿದಳು. ಯಾರೂ ಕದಲಿರಲಿಲ್ಲ. ಅವಳು ಸುಮ್ಮನಿದ್ದರೆ ಏನಾಗುತ್ತದೆಂದು ಅಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಆ ಕಪ್ ದಿನವಿಡೀ ಅಲ್ಲೇ ತೂಗುತ್ತದೆ. ಬಂದವರೆಲ್ಲ ನೋಡುತ್ತಾರೆ. ಸಂಜೆ ಆ ಮನುಷ್ಯ ತಾನೇ ನಡೆದುಕೊಂಡು ಬಾರದೆ ಗತ್ಯಂತರವಿಲ್ಲ, ಎಲ್ಲರೆದುರಿಗೆ ಅದನ್ನು ತೆಗೆದು ತೊಳೆದುಕೊಳ್ಳಬೇಕು. ಯಾವುದಕ್ಕೆ ಹೆದರಿ ಆತ ಓದನ್ನೇ ಬಿಟ್ಟಿದ್ದನೋ ಅದನ್ನೇ ಇವತ್ತು ಅವಳ ಕೈಗಿಟ್ಟು ಕೂತಿದ್ದ. ಆತನಿಗೆ ನೋವಾಗದಿರಲೆಂದು ಅವಳು ಇಷ್ಟು ದಿನ ಹಿಂದೆ ಸರಿದಿದ್ದಳು. ಈಗ ಹಿಂದೆ ಸರಿದರೆ ಆಗುವ ನೋವಿನ ಮುಂದೆ ಕುರ್ಚಿ ಹೋಗುವುದು ಏನೇನೂ ಅಲ್ಲ.

ಅವಳು ಸ್ಟೀಲ್ ಕಪ್ ತೆಗೆದುಕೊಂಡು ನಲ್ಲಿ ತಿರುಗಿಸಿದಳು. ತಗ್ಗಿನ ಒಳಗಡೆ ಹಳೆಯ ಕಲೆ ಕೂತಿತ್ತು, ಬೆರಳಿಗೆ ಬಗ್ಗಲಿಲ್ಲ. ಉಪ್ಪು ಹಾಕಿ ತಿಕ್ಕಿದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಚೆನ್ನಾಗಿ ತೊಳೆದು, ಸೆರಗಿನಲ್ಲಿ ಒರೆಸಿ, ಕೊನೆಯ ಮೊಳೆಗೆ ಸಿಕ್ಕಿಸಿದಳು. ಆಮೇಲೆ ನೀಲಿ ಕಪ್ಪಿಗೆ ಚಹಾ ಬಗ್ಗಿಸಿಕೊಂಡು ನಿಂತಲ್ಲೇ ಕುಡಿದು, ಅದನ್ನು ತೊಳೆಯದೆ ಅದೇ ಮೊಳೆಗೆ ಹಾಕಿದಳು. ಎರಡು ಕಪ್ಪುಗಳು ಒಂದಕ್ಕೊಂದು ತಾಗಿ ಟಿಣ್ ಎಂದವು. ಕೆಳಗೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ನಾಳೆ ಎಂದು ಬರೆದಳು.

"ನಾಳೆಯಾದ್ರೂ ಮೂಲೆಗೆ ಮೂಲೆ ಸೇರಿಸೋಕೆ ಹೇಳ್ರಪ್ಪ ಯಾರಾದ್ರೂ ಅವರಿಗೆ" ಎಂದಳು ಹಿರಿಯಕ್ಕ. ಅವಳ ದನಿಯೂ ಒಂಥರಾ ಆಗಿತ್ತು. ಒಬ್ಬೊಬ್ಬರೇ ಕೆಲಸಕ್ಕೆ ಹೊರಟರು.

ಮಧ್ಯಾಹ್ನ ಪ್ರೊಫೆಸರಮ್ಮ ಚಹಾಕ್ಕೆಂದು ಬಂದಾಗ ನೀಲಿ ಕಪ್ ತನ್ನ ಮೊಳೆಗೆ ಮರಳಿತ್ತು. ಒಳಗೆ ಇನ್ನೂ ನೀರಿನ ಹನಿಗಳಿದ್ದವು. ಅವಳು ಅದರಲ್ಲೇ ಚಹಾ ಬಗ್ಗಿಸಿಕೊಂಡಳು.